729 ಪಟ್ಟು ಸುಖ

ಅಲ್ರೀ, ನ್ಯಾಯವಾಗಿ ಬದುಕಿದವನೇ ಸುಖಿ ಅಂತ ಯಾರಾದರೂ ಅಂದರೆ ನಾವು ಹೂಂಗುಟ್ಟಿ ಸುಮ್ಮನಾಗ್ತೀವಿ. ಆದರೆ ಗ್ರೀಕ್ ತತ್ವಜ್ಞಾನಿ ಪ್ಲೇಟೋ ಲೆಕ್ಕವನ್ನೇ ಹಾಕಿಟ್ಟಿದ್ದಾನೆ. ನ್ಯಾಯವಂತ ದೊರೆಯ ಬಾಳು ದಬ್ಬಾಳಿಕೆಗಾರನ ಬಾಳಿಗಿಂತ 729 ಪಟ್ಟು ಹಿತವಂತೆ! ಸಂಭಾಷಣೆಯ ರೂಪದಲ್ಲಿ ಬರೆದ ‘ರಿಪಬ್ಲಿಕ್’ನ ಒಂಬತ್ತನೇ ಭಾಗದಲ್ಲಿದೆ. ತಮಾಷೆಗೆ ಬರೆದನೋ ನಿಜಕ್ಕೂ ನಂಬಿದ್ದನೋ, ಅವನಿಗೇ ಗೊತ್ತು.

ನನ್ನ ಕಣ್ಣು ಮಾತ್ರ ಈ ಮಾತೆಲ್ಲ ನಡೆದ ಮನೆಯ ಮೇಲೆ. ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ ಪೊಲೆಮಾರ್ಖಸನ ಮನೆ. ಜಾತ್ರೆ ನೋಡಿ ವಾಪಸ್ ಹೊರಟಿದ್ದ ಪ್ಲೇಟೋನ ಗುರು ಸಾಕ್ರಟೀಸನನ್ನು ಪೊಲೆಮಾರ್ಖಸನ ಆಳು ಓಡಿಬಂದು ಹಿಂದಿನಿಂದ ಮೇಲುವಸ್ತ್ರ ಹಿಡಿದು ನಿಲ್ಲಿಸಿದ. ಒಳಗೆ ಮುದುಕ ಅಪ್ಪ ಕೆಫಾಲಸ್, ಪೂಜೆ ಮುಗಿಸಿ ತಲೆಗೆ ಹೂಮಾಲೆ ಸುತ್ತಿಕೊಂಡು ಕೂತಿದ್ದ. ದುಡ್ಡಿದ್ದರೆ ಯಾರಿಗೂ ಮೋಸ ಮಾಡದೆ, ಸಾಲ ಉಳಿಸಿಕೊಳ್ಳದೆ ನೆಮ್ಮದಿಯಾಗಿ ಸಾಯಬಹುದು ಅಂದ. ಹಾಗಾದರೆ ನ್ಯಾಯ ಅಂದರೇನು ಅಂತ ಸಾಕ್ರಟೀಸ್ ಕೆದಕಿದ್ದೇ ತಡ, ವಾದವನ್ನು ಮಗನ ಕೊರಳಿಗೆ ಕಟ್ಟಿ, ಮತ್ತೆ ಪೂಜೆ ಇದೆ ಅಂತ ನಗುತ್ತಾ ಎದ್ದುಹೋದ. ಪಾಕಡಾ ಮುದುಕ!

ಆಮೇಲೆ ಪ್ಲೇಟೋನ ಅಣ್ಣ ಗ್ಲಾಕನ್ ಪಟ್ಟು ಹಿಡಿದ. ನ್ಯಾಯವಂತನಿಗೆ ಕೆಟ್ಟ ಹೆಸರೇ ಬರಲಿ, ಚಾಟಿಯೇಟು ಬೀಳಲಿ, ಕಣ್ಣು ಸುಡಲಿ, ಶೂಲಕ್ಕೇರಿಸಲಿ. ಆಗಲೂ ಅವನೇ ಸುಖಿಯೇ? ಪೊಲೆಮಾರ್ಖಸ್ ಅಲ್ಲೇ ಕೂತು ಕೇಳ್ತಿದ್ದ.

ಮುಂದೇನಾಯ್ತು ಗೊತ್ತೇ? ಕ್ರಿ.ಪೂ. 404ರಲ್ಲಿ ಅಥೆನ್ಸ್ ಮೂವತ್ತು ಮಂದಿ ದಬ್ಬಾಳಿಕೆಗಾರರ ಕೈಗೆ ಬಿತ್ತು. ಅವರ ಕಣ್ಣು ದುಡ್ಡಿದ್ದ ಪರದೇಶಿಗಳ ಮೇಲೆ. ಅಂಥವರೇ ಆದ ಈ ಮನೆಯವರದು ಗುರಾಣಿ ವ್ಯಾಪಾರ. 700 ಗುರಾಣಿ, 120 ಗುಲಾಮರನ್ನು ದೋಚಿದರು. ಯಾವ ಅಪರಾಧ ಅಂತಲೂ ಹೇಳದೆ ಪೊಲೆಮಾರ್ಖಸನಿಗೆ ವಿಷ ಕುಡಿಸಿದರು. ಅವನ ಹೆಂಡತಿಯ ಕಿವಿಯ ಬಂಗಾರದ ಓಲೆಯನ್ನೂ ಬಿಡಲಿಲ್ಲ. ಮನೆತನಕ್ಕೆ ಮೂರು ಮನೆಯಿದ್ದರೂ ಒಂದರಿಂದಲೂ ಹೆಣ ಹೊರಡಿಸಲು ಬಿಡಲಿಲ್ಲ; ಬಾಡಿಗೆ ಕೊಟ್ಟಿಗೆಯೇ ಗತಿಯಾಯ್ತು. ಇದನ್ನೆಲ್ಲ ಆಮೇಲೆ ನ್ಯಾಯಾಲಯದಲ್ಲಿ ಬಿಡಿಸಿ ಹೇಳಿದವನು ತಪ್ಪಿಸಿಕೊಂಡು ಉಳಿದ ತಮ್ಮ ಲಿಸಿಯಾಸ್. ಆ ಮೂವತ್ತರ ಮುಖಂಡ ಕ್ರಿಟಿಯಾಸ್ ಯಾರು ಅಂತೀರಿ? ಪ್ಲೇಟೋನ ತಾಯಿಯ ಕಡೆಯ ನೆಂಟ!

ಇಷ್ಟೆಲ್ಲ ಆದಮೇಲೆ ಬರೆಯಲು ಕೂತ ಪ್ಲೇಟೋ, ಗೊತ್ತಿದ್ದೂ ತನ್ನ ವಾದಕ್ಕೆ ಇದೇ ಮನೆ ಆರಿಸಿಕೊಂಡ. ಬೇಕಂತಲೇ ಅಂತ ನನ್ನ ಗುಮಾನಿ. ಸುಲಭದ ಕಡೆ ಗೆದ್ದು ಬೀಗುವ ಆಸಾಮಿ ಅವನಲ್ಲ.

ಶಿಷ್ಯ ಅರಿಸ್ಟಾಟಲ್ ಮಾತ್ರ ಒಪ್ಪಲಿಲ್ಲ ನೋಡಿ. ಚಿತ್ರಹಿಂಸೆಯ ಚಕ್ರಕ್ಕೆ ಬಿಗಿದವನನ್ನೂ ಸುಖಿ ಅನ್ನೋದು ಅರ್ಥವಿಲ್ಲದ ಮಾತು ಅಂದ. ಒಳ್ಳೆಯತನದ ಜೊತೆಗೆ ನಾಲ್ಕು ಜನ ಸ್ನೇಹಿತರು, ಒಂದಿಷ್ಟು ಕಾಸು, ಅದೃಷ್ಟವೂ ಇರಬೇಕಂತೆ. ಕೆಫಾಲಸ್ ಕೇಳಿದ್ದರೆ ತಲೆದೂಗ್ತಿದ್ದ. ಮಗನನ್ನು ಕೇಳಿದ್ದರೆ ಏನನ್ನುತ್ತಿದ್ದನೋ.