ಮಾಜಿ ಮಸ್

ಬಾರಾಮತಿಯಲ್ಲಿ ಹೆಸರಿನ ಹಿಂದೆ 'ಎಕ್ಸ್' ಬಿತ್ತೆಂದರೆ ಅರ್ಥ ಒಂದೇ: ಮಾಜಿ. ಮಾಜಿ ನಗರಸೇವಕ, ಮಾಜಿ ಸಭಾಪತಿ, ಸಕ್ಕರೆ ಕಾರ್ಖಾನೆಯ ಮಾಜಿ ಸಂಚಾಲಕ. ಇಂಥ ಊರಲ್ಲಿ ಡಿಸೆಂಬರ್ ಬಂದೊಡನೆ ನಮ್ಮ ಓಣಿಯ ಬೇಕರಿಯವನು 'ಎಕ್ಸ್‌ಮಸ್ ಕೇಕ್' ಎಂದು ಬೋರ್ಡು ತೂಗಿಬಿಟ್ಟರೆ ಏನಾಗಬೇಡ? ಪಕ್ಕದ ಮನೆ ಕಾಕು ನನ್ನ ಸ್ಕೂಟರು ನಿಲ್ಲಿಸಿ ಕೇಳಿದರು: "ಹೋದ ವರ್ಷ ಉಳಿದದ್ದೇನೋ ಇದು?"

ಕಾಕುಗೆ ಹಬ್ಬ ಗೊತ್ತಿಲ್ಲವೆಂದಲ್ಲ. ಅವರ ಬಾಯಲ್ಲಿ ಅದು 'ನಾತಾಳ'. ಪೋರ್ಚುಗೀಸರ 'ನತಾಲ್' ಕೊಂಕಣದ ಕರಾವಳಿಯಲ್ಲಿ ಇಳಿದು ಮರಾಠಿಯಾಯಿತು, ಹುಟ್ಟು ಎಂದರ್ಥ. 1497ರ ಕ್ರಿಸ್‌ಮಸ್ ಹೊತ್ತಿಗೆ ವಾಸ್ಕೋ ಡ ಗಾಮ ಕಂಡ ಆಫ್ರಿಕಾದ ದಂಡೆಗೂ ಅದೇ ಹೆಸರು. ಡರ್ಬನ್ ಇರುವುದು ಅಲ್ಲೇ.

ನನ್ನ ಆಫೀಸಿನ ಗೆಳೆಯನದು ಬೇರೆ ತಕರಾರು. "ದೇವರ ಹೆಸರಿಗೇ ಕಾಟು ಹೊಡದಾರ ನೋಡ್ರಿ!" ಕಾಟೂ ಅಲ್ಲ, ಮಾಜಿಯೂ ಅಲ್ಲ ಮಾರಾಯ. ಗ್ರೀಕಿನಲ್ಲಿ ಆ ಕತ್ತರಿಯಾಕಾರದ ಅಕ್ಷರ 'ಖೀ'. ಅಭಿಷಿಕ್ತ ಎಂಬರ್ಥದ 'ಖ್ರಿಸ್ತೋಸ್' ಶುರುವಾಗುವುದೇ ಅದರಿಂದ. ಅದರ ಪಕ್ಕದ 'ರ' ನಮ್ಮ ಕಣ್ಣಿಗೆ ಇಂಗ್ಲಿಷಿನ 'ಪಿ'. ಎರಡನ್ನೂ ಹೆಣೆದ ಗುರುತು ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಸೈನ್ಯದ ಬಾವುಟಕ್ಕೇರಿತು. ಹಳೇ ಕಂಪ್ಯೂಟರಿನ 'ಎಕ್ಸ್‌ಪಿ' ನೆನಪಾದರೆ ತಪ್ಪು ನಿಮ್ಮದಲ್ಲ. ಚರ್ಮದ ಹಾಳೆ ತುಟ್ಟಿಯಾಗಿದ್ದ ಕಾಲಕ್ಕೆ, ಒಂಬೈನೂರು ವರ್ಷಕ್ಕೂ ಹಿಂದೆಯೇ, ಇಂಗ್ಲೆಂಡಿನ ಸನ್ಯಾಸಿಗಳು ಆ ಹಬ್ಬವನ್ನು ಹೀಗೇ ಮೊಟಕಾಗಿ ಬರೆದಿದ್ದರು. 'ಮಸ್' ಅಂದರೆ ಚರ್ಚಿನ ಪೂಜೆ; ನಮ್ಮ ಶ್ರಾವಣ ಮಾಸದ ಮಾಸವಲ್ಲ.

ನಾವೇನು ಕಡಿಮೆಯೇ? ಲಗ್ನಪತ್ರಿಕೆಯಲ್ಲಿ ಮದುಮಗನ ಆಯುಷ್ಯವನ್ನೆಲ್ಲ 'ಚಿ॥' ಎಂದು ಒಂದೇ ಅಕ್ಷರಕ್ಕೆ ಇಳಿಸುತ್ತೇವೆ. ಬೀಗರು ಯಾರೂ 'ಛೀ' ಎಂದು ಓದಿ ಜಗಳ ತೆಗೆದಿಲ್ಲ. ಇದೇ ಬಾರಾಮತಿಯಲ್ಲಿ ಬಾಳಿದ ಮೋರೋಪಂತರು (1729–1794) ತುಟಿ ಕೂಡದ ಅಕ್ಷರಗಳಲ್ಲೇ 'ನಿರೋಷ್ಠ ರಾಮಾಯಣ' ಬರೆದರು. ಪ, ಬ, ಮ ಬಿಟ್ಟರೆ 'ರಾಮ' ಎನ್ನುವುದು ಹೇಗೆ ಸ್ವಾಮಿ? ರಾಮಾಯಣದಿಂದ ರಾಮನ ಹೆಸರನ್ನೇ ತೆಗೆದರೂ ಈ ಊರು ಅವರನ್ನು ತಲೆಮೇಲಿಟ್ಟುಕೊಂಡಿದೆ. ಖೀ ಪಾಪ, ಹೆಸರಿನ ಮೊದಲಕ್ಷರವನ್ನಾದರೂ ಉಳಿಸಿದೆ.

ಇಷ್ಟನ್ನೂ ಕಟ್ಟೆಯ ಮೇಲೆ ಕೂತು ವಿವರಿಸಿದೆ. ಅವರೆಕಾಳು ಸುಲಿಯುತ್ತಲೇ ಕೇಳಿಸಿಕೊಂಡ ಕಾಕು ಕೊನೆಗೆ ತಲೆಯೆತ್ತಿದರು.

"ಅದೆಲ್ಲ ಇರಲಿ. ಬಿನ್‌ಅಂಡ್ಯಾಚಾ ಆಹೆ ಕಾ?"

ಮೊಟ್ಟೆಯ ವಿಷಯ ಬೋರ್ಡಿನಲ್ಲಿ ಎಲ್ಲೂ ಇರಲಿಲ್ಲ.