ಪ್ರೋಬು ಎಂಬ ಹೊಸ ಅಳಿಯ
ನೀರಿನ ಕ್ಲೋರಿನ್ ಅನಲೈಸರಿನಲ್ಲಿ ಕೂರುವ ಪಿಎಚ್ ಪ್ರೋಬಿನ ಬಿಗುಮಾನ ಥೇಟ್ ಹೊಸ ಅಳಿಯನದು. ಒಣಗಲು ಬಿಡುವಂತಿಲ್ಲ, ಕೆಲಸವಿಲ್ಲದಾಗಲೂ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ನೆನೆಸಿಡಬೇಕು. ಪಾಪ, ಶುದ್ಧವಾಗಿರಲಿ ಎಂದು ಡಿಸ್ಟಿಲ್ಡ್ ವಾಟರಿನಲ್ಲಿಟ್ಟಿರೋ, ಕೆಟ್ಟಿತು! ಅದು ಆಡುವ ಮಾತೋ, ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಅಷ್ಟೆ. ಇಂಥ ಮೆಲುದನಿಯವನ ಕೇಬಲನ್ನು ಪಂಪಿನ ಮೋಟಾರ್ ವೈರಿಗೆ ತಾಗಿಸಿ ಎಳೆದು, "ರೀಡಿಂಗ್ ಯಾಕ್ ಸಾರ್ ಕುಣೀತಿದೆ?" ಎಂದು ನಮ್ಮನ್ನೇ ಕೇಳುವ ಎಲೆಕ್ಟ್ರಿಷಿಯನ್ನರಿಗೆ ದೊಡ್ಡ ನಮಸ್ಕಾರ. ಆ ಕೇಬಲಿನ ಶೀಲ್ಡಿನ ಎರಡೂ ತುದಿಗೆ ಅರ್ಥಿಂಗ್ ಕೊಡುವ ಧಾರಾಳಿಗಳೂ ಇದ್ದಾರೆ. ಒಂದೇ ಸಾಕು ಸ್ವಾಮಿ. ಪಿಎಚ್ 8 ದಾಟಿದರೆ ಕ್ಲೋರಿನ್ನಿಗೂ ಸೋಮಾರಿತನ: ನೀರಲ್ಲಿರುತ್ತದೆ, ಕ್ರಿಮಿ ಕೊಲ್ಲುವುದು ಮಾತ್ರ ನಿಧಾನ. ಅದಕ್ಕೇ ಎರಡನ್ನೂ ಒಟ್ಟಿಗೆ ಅಳೆಯುವುದು. ಪರದೆಯಲ್ಲಿ ತಿಂಗಳುಗಟ್ಟಲೆ 7.20 ಅಲುಗಾಡದೆ ನಿಂತಿದೆಯೆಂದು ಮೀಸೆ ತಿರುವಬೇಡಿ, ಪ್ರೋಬೇ ಸತ್ತಿರಬಹುದು. ಪ್ರೋಬು ತೊಳೆದು 4 ಮತ್ತು 7ರ ಬಫರಿನಲ್ಲಿ ಅದ್ದಿ ನೋಡಿ.