ಕವರ್ ಅಂಕಲ್

“ಹಂಪಿ ಮೂರೂವರೆ ಗಂಟೇಲಿ ಕವರ್ ಆಗತ್ತೆ,” ಎಂದರು ಅಂಕಲ್, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ. “ಮಾರನೇ ದಿನ ದಾಂಡೇಲಿ ಕಡೆ ರಾಫ್ಟಿಂಗು. ಅದು ಒಂದೂವರೆ ಗಂಟೆ.”

1336ರಲ್ಲಿ ತಲೆಯೆತ್ತಿ 1565ರ ಯುದ್ಧದವರೆಗೆ ಮೆರೆದ ಸಾಮ್ರಾಜ್ಯದ ರಾಜಧಾನಿ ಅದು. ಗೆದ್ದ ಸುಲ್ತಾನರ ಸೈನ್ಯಕ್ಕೂ ಅದನ್ನು ಹಾಳುಗೆಡವಲು ತಿಂಗಳುಗಟ್ಟಲೆ ಹಿಡಿಯಿತಂತೆ. ನಮ್ಮ ಅಂಕಲ್‌ಗೆ ಮೂರೂವರೆ ಗಂಟೆ ಧಾರಾಳ. ಅದರಲ್ಲೇ ಕಾಫಿಗೆಂದು ಹದಿನೈದು ನಿಮಿಷ ಎತ್ತಿಟ್ಟಿದ್ದರು.

ಬೆಂಗಳೂರಿನ ಯಾವ ಲೇಔಟಿಗೆ ಹೋದರೂ ಇವರು ಸಿಗುತ್ತಾರೆ. ಬ್ಯಾಂಕಿನಿಂದಲೋ ಸರ್ಕಾರಿ ಕಚೇರಿಯಿಂದಲೋ ರಿಟೈರ್ ಆದವರು; ಪಾರ್ಕಿನ ವಾಕಿಂಗ್ ಗುಂಪಿಗೆ ಯಾರೂ ಆರಿಸದ ಅಧ್ಯಕ್ಷರು. ಸೊಂಟಕ್ಕೆ ಜಿಪ್ಪಿನ ಚೀಲ, ಕೊರಳಿಗೆ ವಿಷಲ್, ಜೇಬಿನಲ್ಲಿ ನಾಲ್ಕು ಮಡಿಕೆಯ ಪಟ್ಟಿ. ‘ನೋಡಿ ಬಂದೆವು’ ಎಂಬ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ. ತಿರುಪತಿ ಕವರ್, ಕಾಶಿ ಕವರ್, ಮಗಳ ಬಾಣಂತನಕ್ಕೆ ಹೋದಾಗ ನಯಾಗರಾನೂ ಕವರ್. “ಮದುವೇಲಿ ಸಪ್ತಪದೀನ ನಾಲ್ಕೇ ಹೆಜ್ಜೇಲಿ ಕವರ್ ಮಾಡಿದ್ರು. ಇನ್ನೂ ಮೂರು ಬಾಕಿ ಇದೆ,” ಎನ್ನುತ್ತಾರೆ ಆಂಟಿ.

ಒಂದು ಟಿ.ಟಿ., 14 ಜನ. ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವ ಮುಂಚೆ ಅಂಕಲ್ ತಲೆ ಎಣಿಸಿದರು. ಹದಿಮೂರು. ಮತ್ತೆ ಎಣಿಸಿದರು. ಹದಿಮೂರೇ. ಹಿಂದಿನ ಸೀಟಿನ ಹುಡುಗಿಯೊಬ್ಬಳು ಆಕಳಿಸುತ್ತಾ, “ಅಂಕಲ್, ನಿಮ್ಮನ್ನೂ ಸೇರಿಸ್ಕೊಳಿ,” ಎಂದಳು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ಇಪ್ಪತ್ತು ನಿಮಿಷ. ಎರಡನೇ ಸಲ ಚಟ್ನಿ ಕೇಳಿದವನಿಗೆ, “ಇಲ್ಲೇ ಚಟ್ನಿ ನೆಕ್ತಾ ಕೂತ್ರೆ ಚಿತ್ರದುರ್ಗ ದಾಟೋದು ಯಾವಾಗ?” ಎಂದು ವಿಷಲ್ ಊದಿದರು.

ಹಂಪಿಯಲ್ಲಿ ನಡೆದದ್ದಕ್ಕೆ ಪ್ರವಾಸ ಎನ್ನುವುದಕ್ಕಿಂತ ಆಡಿಟ್ ಎಂದರೇ ಸರಿ. ವಿರೂಪಾಕ್ಷನ ಗುಡಿಯ ಕತ್ತಲೆ ಮೂಲೆಯಲ್ಲಿ, ಸಣ್ಣ ಕಿಂಡಿಯಿಂದ ತೂರಿದ ಬೆಳಕು ಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತದೆ. ಅಂಕಲ್ ಕತ್ತು ಓರೆ ಮಾಡಿ ಪರೀಕ್ಷಿಸಿ, “ಹ್ಞಾಂ, ಉಲ್ಟಾನೇ ಇದೆ, ನಡೀರಿ,” ಎಂದರು. ಆನೆ ಲಾಯದ ಕೋಣೆಗಳನ್ನು ಎಣಿಸಿದರು. “ಹನ್ನೊಂದು. ಕರೆಕ್ಟ್.” ಒಂದು ಕಡಿಮೆ ಬಂದಿದ್ದರೆ ಕೃಷ್ಣದೇವರಾಯನಿಗೆ ನೋಟಿಸ್ ಹೋಗುತ್ತಿತ್ತೋ ಏನೋ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದೆದುರು ಚೀಲದಿಂದ ಗರಿಗರಿ 50 ರೂಪಾಯಿ ನೋಟು ತೆಗೆದರು. ನೋಟಿನ ರಥ, ಎದುರಿನ ರಥ, ಎರಡನ್ನೂ ತಾಳೆ ನೋಡಿ, ಸಹಿ ಹೊಂದಿತೆಂಬಂತೆ ತಲೆಯಾಡಿಸಿ ಪಟ್ಟಿಯಲ್ಲಿ ಟಿಕ್ ಹಾಕಿದರು.

ಅದಕ್ಕೂ ಮುಂಚೆ, ಉಗ್ರನರಸಿಂಹನ ಹತ್ತಿರ, ಗೈಡ್ ಹುಡುಗ ಪಾಪ ಆಸೆಯಿಂದ ಶುರು ಮಾಡಿದ್ದ. “1528ರಲ್ಲಿ ಒಂದೇ ಬಂಡೇಲಿ ಕಡೆದಿದ್ದು, ಎತ್ತರ 6.7 ಮೀಟರು. ಎಲ್ರೂ ಉಗ್ರ ಅಂತಾರೆ. ನಿಜವಾಗಿ ಇವನು ಲಕ್ಷ್ಮೀನರಸಿಂಹ. ತೊಡೆ ಮೇಲೆ ಕೂತಿದ್ದ ಲಕ್ಷ್ಮೀನ ಒಡೆದುಹಾಕಿದ್ದಾರೆ. ಆದ್ರೆ ಅವನ ಬೆನ್ನ ಮೇಲೆ ಅವಳ ಕೈ ಮಾತ್ರ ಇನ್ನೂ...” ಅಷ್ಟರಲ್ಲಿ ವಿಷಲ್. ನಾವೆಲ್ಲ ಓಡಿದೆವು. ಆಂಟಿ ಮಾತ್ರ ಹಿಂದೆ ಉಳಿದು, ಕತ್ತು ಉದ್ದ ಮಾಡಿ ಏನನ್ನೋ ಹುಡುಕಿ ಬಂದರು. “ಕಂಡಿತೇ?” ಎಂದೆ. “ಕಂಡಿತು,” ಎಂದರು. ಆವತ್ತು ಹಂಪಿ ನೋಡಿದವರು ನಮ್ಮಲ್ಲಿ ಅವರೊಬ್ಬರೇ.

ಮಾರನೇ ದಿನ ಗದಗ, ಹುಬ್ಬಳ್ಳಿ, ಧಾರವಾಡ ಎಲ್ಲ ಕಿಟಕಿಯಲ್ಲೇ ಕವರ್ ಆಗಿ, ಪೇಡೆಯ ಡಬ್ಬ ಓಡುವ ಗಾಡಿಯಲ್ಲೇ ಹಂಚಿಕೆಯಾಗಿ, ಮಧ್ಯಾಹ್ನಕ್ಕೆ ಗಣೇಶಗುಡಿ ಮುಟ್ಟಿದೆವು. ಕಾಳಿ ನದಿ ಕಲ್ಲುಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು.

“ನೀರು ಇನ್ನೂ ಬಿಟ್ಟಿಲ್ರೀ ಸರ,” ಎಂದ ರಾಫ್ಟಿನ ಹುಡುಗ.

ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು. ಅದರ ಬುಡದ ವಿದ್ಯುದಾಗಾರ ಓಡಿದರೆ ಕೆಳಗೆ ನೀರು. ನೀರು ಬಂದರೆ ರಾಫ್ಟು. ಅಂದರೆ ರಾಜ್ಯದಲ್ಲಿ ಸಾಕಷ್ಟು ಜನ ಮಿಕ್ಸಿ, ಫ್ಯಾನು, ಪಂಪ್‌ಸೆಟ್ ಹಾಕುವವರೆಗೆ ನಮ್ಮ ಸಾಹಸಕ್ಕೆ ಮುಹೂರ್ತವಿಲ್ಲ.

“ಹಾಗಾದ್ರೆ ನದಿ ಎಷ್ಟು ಗಂಟೆಗೆ ಹೊರಡತ್ತೆ?” ಎಂದರು ಅಂಕಲ್.

“ಬಂದಾಗ ಬರ್ತದ್ರೀ.”

ಅಂಕಲ್ ಪಟ್ಟಿ ಬಿಚ್ಚಿದರು, ಮಡಿಚಿದರು. ವಿಷಲ್ ಬಾಯಿಗಿಟ್ಟರು; ಊದುವುದು ಯಾರಿಗೆಂದು ತಿಳಿಯದೆ ತೆಗೆದರು. ಕೊನೆಗೆ ಬೇರೆ ದಾರಿಯಿಲ್ಲದೆ ಆಂಟಿಯ ಪಕ್ಕ ಬಂಡೆಯ ಮೇಲೆ ಕೂತರು. ಆಗಲೇ ತಲೆಯ ಮೇಲೆ ಉಗಿಬಂಡಿಯಂತೆ ರೆಕ್ಕೆ ಸದ್ದು ಮಾಡುತ್ತ ಮಂಗಟ್ಟೆ ಹಕ್ಕಿಯೊಂದು ನದಿ ದಾಟಿತು. ಅಂಕಲ್ ಬಾಯಿ ತೆರೆದು ನೋಡಿದರು. “ಇದು ಲಿಸ್ಟಲ್ಲಿ ಇರ್ಲಿಲ್ವಲ್ಲೇ!” ಎಂದರು.

ಎರಡು ಗಂಟೆ ಕಳೆದ ಮೇಲೆ ನೀರು ಬಂತು. ಹೆಲ್ಮೆಟ್, ಲೈಫ್ ಜಾಕೆಟ್, ಕೈಗೊಂದು ಹುಟ್ಟು. “ಫಾರ್ವರ್ಡ್ ಅಂದ್ರೆ ಹುಟ್ಟು ಹಾಕ್ರಿ. ಗೆಟ್ ಡೌನ್ ಅಂದ್ರೆ ಒಳಗ ಕುಂತು ಹಗ್ಗ ಹಿಡೀರಿ. ಮತ್ತೇನೂ ಮಾಡಬ್ಯಾಡ್ರಿ.” ಈ ಕೊನೆಯ ಸೂಚನೆ ಅಂಕಲ್‌ಗೆ ಹುಟ್ಟಿನಿಂದ ಒಗ್ಗದ್ದು. ಎರಡು ಇಳಿತ ದಾಟಿತು. ಮೂರನೆಯದರಲ್ಲಿ ಹುಡುಗ “ಗೆಟ್ ಡೌನ್!” ಎಂದು ಕಿರುಚಿದಾಗ ಎಲ್ಲರೂ ಕುಸಿದು ಕೂತೆವು. ಅಂಕಲ್ ಮಾತ್ರ, ಎಷ್ಟು ನಿಮಿಷ ಲೇಟಾಗಿದೆಯೆಂದು, ಎಡಗೈ ಎತ್ತಿ ವಾಚು ನೋಡಿದರು.

ನೊರೆ ಕಣ್ಣಿಂದ ಸರಿದ ಮೇಲೆ ಆಂಟಿ ತಲೆ ಎಣಿಸಿದರು. ಮತ್ತೆ ಒಂದು ಕಡಿಮೆ. ಈ ಸಲ ಲೆಕ್ಕ ಸರಿಯಾಗಿಯೇ ಇತ್ತು.

ಹತ್ತು ಸೆಕೆಂಡು ಕಾಳಿ ನಮ್ಮ ಅಂಕಲನ್ನು ಸಂಪೂರ್ಣವಾಗಿ ಕವರ್ ಮಾಡಿದಳು. ಕಿತ್ತಳೆ ಜಾಕೆಟ್ ಮೇಲೆ ತೇಲಿದ್ದೇ ತಡ, ಹುಡುಗ ಭುಜದ ಪಟ್ಟಿ ಹಿಡಿದು ಮೀನಿನಂತೆ ಒಳಗೆಳೆದ. ಪೆಟ್ಟೇನೂ ಆಗಿರಲಿಲ್ಲ. ವಿಷಲ್ ಇತ್ತು, ವಾಚು ಇರಲಿಲ್ಲ. ಬ್ಯಾಂಕಿನವರು ಬೀಳ್ಕೊಡುಗೆಯಲ್ಲಿ ಕಟ್ಟಿದ ವಾಚು. ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಇನ್ನೂ ಮೂರು ಅಣೆಕಟ್ಟು ದಾಟಬೇಕು. ಅದು ಕಾರವಾರದ ಸಮುದ್ರಕ್ಕೆ ಟೈಮಿಗೆ ಸರಿಯಾಗಿ ಮುಟ್ಟುವುದು ಅನುಮಾನ. ಉಳಿದ ದಾರಿಯಲ್ಲಿ ಅಂಕಲ್ ತುಟಿ ಬಿಚ್ಚಲಿಲ್ಲ. ಆಂಟಿ ಒಂದು ಕೈಯಲ್ಲಿ ಹುಟ್ಟು ಹಾಕಿದರು. ಇನ್ನೊಂದು ಕೈ ದಡ ಸೇರುವವರೆಗೂ ಅವರ ಬೆನ್ನ ಮೇಲೇ ಇತ್ತು.

ಈಗ ಯಾರಾದರೂ ಹಂಪಿ ಹೇಗಿತ್ತೆಂದು ಕೇಳಿದರೆ ಅಂಕಲ್, “ಕವರ್ ಆಯ್ತು,” ಎಂದು ಮುಗಿಸುತ್ತಾರೆ. ಕಾಳಿ ಎಂದರೆ ಕುರ್ಚಿ ಎಳೆದುಕೊಳ್ಳುತ್ತಾರೆ. ಹತ್ತು ಸೆಕೆಂಡಿನ ಸಂಗತಿಗೆ ಮುಕ್ಕಾಲು ಗಂಟೆ. ಅದೂ ದಿನೇ ದಿನೇ ಬೆಳೆಯುತ್ತಿದೆ.

ಮೊನ್ನೆ ಮುಂದಿನ ಪಟ್ಟಿ ಕೈಗೆ ಬಂತು. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಒಂದೇ ದಿನದಲ್ಲಿ. ಇವರು ತಿದ್ದಿಕೊಳ್ಳುವ ಪೈಕಿ ಅಲ್ಲ ಎಂದುಕೊಳ್ಳುವಾಗಲೇ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ‘4.10ರಿಂದ 4.25. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದು. ಕಡ್ಡಾಯ.’

ಆಂಟಿ ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟರು. “ಒಂದು ಹೆಜ್ಜೆ ಜಮಾ ಆಯ್ತು,” ಎಂದರು. “ಇನ್ನೆರಡು ಬಾಕಿ.”